ಹಲಗೆಯ ಹಾದಿಯಲ್ಲಿ ಕಾಂಡ್ಲ ವನದ ನಡಿಗೆ

ತೋಟ ಮಾಡುವವನಿಗೆ ನಿಂತ ನೀರಿನಷ್ಟು ದೊಡ್ಡ ಶತ್ರು ಬೇರೊಂದಿಲ್ಲ. ಅಡಿಕೆ ಬೆಳೆಗಾರರು ವರ್ಷವರ್ಷವೂ ಬಸಿಗಾಲುವೆಯ ಹೂಳೆತ್ತುತ್ತಾರೆ, ಬರಣಕ್ಕೆ ಹೊಸ ಮಣ್ಣು ಕೊಡುತ್ತಾರೆ, ಮಳೆಗಾಲದಲ್ಲಿ ಗುದ್ದಲಿ ಹಿಡಿದು ಕಟ್ಟಿಕೊಂಡ ನೀರನ್ನು ಬಿಡಿಸಲು ಓಡಾಡುತ್ತಾರೆ. ಕಾಫಿ ತೋಟದವರೂ ಅಷ್ಟೆ. ತಗ್ಗಿನ ಪಟ್ಟಿಯಲ್ಲಿ ಒಂದು ವಾರ ನೀರು ನಿಂತಿತೆಂದರೆ ಗಿಡದ ಬೇರು ಕರಗಿ, ಎಲೆ ಹಳದಿಯಾಗಿ, ಮುಂದಿನ ಫಸಲಿನ ಆಸೆಯನ್ನೇ ಬಿಡಬೇಕಾಗುತ್ತದೆ. ಹೀಗೆ ಜೀವಮಾನವೆಲ್ಲ ನೀರು ಬಸಿಯುವುದರಲ್ಲೇ ಕಳೆಯುವ ನಮ್ಮ ಸದಸ್ಯ ಬಾಂಧವರು, ಹಗಲು ರಾತ್ರಿ ಕೆಸರಿನಲ್ಲೇ ಕಾಲೂರಿ ನಿಂತು, ಅದೂ ಉಪ್ಪು ನೀರಿನಲ್ಲಿ, ಹಸಿರಾಗಿ ಬೆಳೆಯುವ ಮರಗಳನ್ನು ಒಮ್ಮೆಯಾದರೂ ಹತ್ತಿರದಿಂದ ನೋಡಬೇಕು. ಅದಕ್ಕೆ ದೂರದ ಸುಂದರಬನಕ್ಕೆ ಹೋಗಬೇಕಾಗಿಲ್ಲ. ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದವರೆಗೆ ಹೋದರೆ ಸಾಕು.

ಹೊನ್ನಾವರದಲ್ಲಿ ಶರಾವತಿ ನದಿ ಸಮುದ್ರವನ್ನು ಸೇರುವ ಅಳಿವೆಯ ಬಳಿ, ಕಾಸರಕೋಡಿನ ಭಾಗದಲ್ಲಿ, ಅರಣ್ಯ ಇಲಾಖೆಯವರು ಕಾಂಡ್ಲ ವನದ ನಡುವೆ ಹಲಗೆ ಹಾಸಿದ ಕಾಲುದಾರಿಯೊಂದನ್ನು ನಿರ್ಮಿಸಿದ್ದಾರೆ. ‘ಶರಾವತಿ ಕಾಂಡ್ಲ ನಡಿಗೆ’ ಎಂದು ಜನ ಇದನ್ನು ಕರೆಯುತ್ತಾರೆ. ಕೆಸರಿನಲ್ಲಿ ಕಂಬಗಳನ್ನು ನಿಲ್ಲಿಸಿ, ಅವುಗಳ ಮೇಲೆ ಹಲಗೆ ಹಾಸಿ, ಎರಡೂ ಬದಿಗೆ ಕೈಹಿಡಿ ಕಟ್ಟಿದ ಸರಳ ಏರ್ಪಾಡು ಇದು. ಏರಿಲ್ಲ, ಇಳಿತವಿಲ್ಲ, ನಡೆಯಲು ಹೆಚ್ಚು ಹೊತ್ತೂ ಬೇಕಿಲ್ಲ. ಮಂಡಿನೋವಿನ ಹಿರಿಯರೂ ಶಾಲೆಯ ಮಕ್ಕಳೂ ನಿರಾತಂಕವಾಗಿ ಹೋಗಿ ಬರಬಹುದು. ಆದರೆ ಸರಸರನೆ ನಡೆದು ಮುಗಿಸಿ, ‘ಇಷ್ಟೇಯೋ’ ಎಂದು ಹಿಂತಿರುಗುವವರಿಗೆ ಇಲ್ಲಿ ಏನೂ ಕಾಣದು. ನಿಂತು, ಬಾಗಿ, ಕೆಳಗಿನ ಕೆಸರನ್ನು ನೋಡುವವರಿಗೆ ಮಾತ್ರ ಈ ಹಾದಿಯ ಪ್ರಯೋಜನ.

ಹೆಸರಿನ ಹಿನ್ನೆಲೆ

‘ಕಾಂಡ್ಲ’ ಎಂಬುದು ನಮ್ಮ ಕರಾವಳಿಯವರ ಬಳಕೆಯ ಮಾತು. ಇದೇ ಬಳಗದ ‘ಕಂಡಲ್’ ಎಂಬ ಮಲಯಾಳಂ ಮಾತನ್ನು ಡಚ್ಚರ ಅಧಿಕಾರಿ ವಾನ್ ರೀಡ್ ಎಂಬಾತ ‘ಹೋರ್ಟಸ್ ಮಲಬಾರಿಕಸ್’ ಎಂಬ ತನ್ನ ಮಹಾಗ್ರಂಥದಲ್ಲಿ ಬರೆದಿಟ್ಟ. 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಈ ಗ್ರಂಥ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಮುಂದೆ ಸಸ್ಯಶಾಸ್ತ್ರಜ್ಞರು ಈ ಮರಗಳ ಒಂದು ಕುಲಕ್ಕೆ ಆ ಮಾತನ್ನೇ ಲ್ಯಾಟಿನ್ನಿಗೆ ಒಗ್ಗಿಸಿ ‘ಕಂಡೇಲಿಯಾ’ ಎಂದು ಹೆಸರಿಟ್ಟರು. ನಮ್ಮ ಪಶ್ಚಿಮ ಕರಾವಳಿಯ ಬೆಸ್ತರೂ ಅಂಬಿಗರೂ ಆಡುತ್ತಿದ್ದ ಮಾತು ಹೀಗೆ ಜಗತ್ತಿನ ಶಾಸ್ತ್ರಗ್ರಂಥಗಳನ್ನೆಲ್ಲ ಸೇರಿದೆ.

ಹಿಂದಿನ ಕಾಲದಲ್ಲಿ ಕಾಂಡ್ಲವೆಂದರೆ ಕರಾವಳಿಯವರಿಗೆ ಸೌದೆ. ಅದರ ತೊಗಟೆಯಲ್ಲಿ ಒಗರಿನ ಅಂಶ ಹೆಚ್ಚಾಗಿರುವುದರಿಂದ ನೂಲಿನ ಬಲೆಗಳು ಕೊಳೆಯದಿರಲೆಂದು ತೊಗಟೆಯ ಕಷಾಯದಲ್ಲಿ ಅದ್ದುತ್ತಿದ್ದರು. ನೈಲಾನ್ ಬಲೆ ಬಂದ ಮೇಲೆ ಆ ಬಳಕೆ ನಿಂತುಹೋಯಿತು. ನಂತರದ ವರ್ಷಗಳಲ್ಲಿ ಸಿಗಡಿ ಹೊಂಡಕ್ಕೆಂದೂ ನಿವೇಶನಕ್ಕೆಂದೂ ಅನೇಕ ಕಡೆ ಕಾಂಡ್ಲವನ್ನು ಬುಡಸಹಿತ ತೆಗೆದರು. 2021ರ ಅರಣ್ಯ ಸಮೀಕ್ಷಾ ವರದಿಯ ಪ್ರಕಾರ ದೇಶದಲ್ಲಿ ಈ ಬಗೆಯ ಕಾಡು ಇರುವುದು 4,992 ಚದರ ಕಿಲೋಮೀಟರ್. ಅದರಲ್ಲಿ ಕರ್ನಾಟಕದ ಪಾಲು ಕೇವಲ 13 ಚದರ ಕಿಲೋಮೀಟರ್. ಇಷ್ಟು ಸಣ್ಣ ಪಾಲಿನಲ್ಲಿಯೇ ಒಂದು ತುಂಡು ನಮ್ಮ ಕಾಲ ಕೆಳಗಿದೆ ಎಂಬುದನ್ನು ಹಲಗೆಯ ಮೇಲೆ ನಡೆಯುವವರು ನೆನಪಿಡಬೇಕು.

ಬೇರು ಉಸಿರಾಡುವ ಬಗೆ

ನೀರು ನಿಂತಲ್ಲಿ ಅಡಿಕೆ ಮರ ಏಕೆ ಸೊರಗುತ್ತದೆ? ನೀರು ಹೆಚ್ಚಾಯಿತೆಂದಲ್ಲ, ಬೇರಿಗೆ ಗಾಳಿ ಸಿಗಲಿಲ್ಲವೆಂದು. ಮಣ್ಣಿನ ಕಣಗಳ ನಡುವಿನ ಸಂದಿಯಲ್ಲಿ ಗಾಳಿಯಿದ್ದರೆ ಬೇರು ಬದುಕುತ್ತದೆ. ಆ ಸಂದಿಯೆಲ್ಲ ನೀರು ತುಂಬಿದರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಅಳಿವೆಯ ಕೆಸರಿನಲ್ಲಿ ಗಾಳಿ ಎಂಬುದೇ ಇಲ್ಲ. ಕೆದಕಿದರೆ ಕಪ್ಪು ಬಣ್ಣ, ಕೊಳೆತ ಮೊಟ್ಟೆಯ ವಾಸನೆ. ಇಂಥ ಕಡೆ ನಿಲ್ಲುವ ಮರಗಳು ಬೇರನ್ನು ಕೆಳಗೆ ಕಳಿಸುವುದರ ಬದಲು ಮೇಲಕ್ಕೆ ತಂದುಕೊಂಡಿವೆ.

ಇದರಲ್ಲಿ ಎರಡು ಬಗೆ. ರೈಜೋಫೋರಾ ಎಂಬ ಜಾತಿಯ ಕಾಂಡ್ಲದಲ್ಲಿ ಬುಡದಿಂದಲೂ ಕೊಂಬೆಗಳಿಂದಲೂ ಬೇರುಗಳು ಬಿಲ್ಲಿನಂತೆ ಬಾಗಿ ಇಳಿದು ಕೆಸರನ್ನು ಊರಿಕೊಂಡಿರುತ್ತವೆ. ದೂರದಿಂದ ನೋಡಿದರೆ ಮರವು ಹತ್ತಾರು ಕಾಲುಗಳ ಮೇಲೆ ಎದ್ದು ನಿಂತಂತೆ ತೋರುತ್ತದೆ. ಈ ಬೇರುಗಳ ಸಿಪ್ಪೆಯಲ್ಲಿ ಸಣ್ಣ ಸಣ್ಣ ರಂಧ್ರಗಳುಂಟು. ಭರತ ಇಳಿದಾಗ ಅವುಗಳ ಮೂಲಕ ಗಾಳಿ ಒಳಸೇರಿ ಕೆಸರಿನಾಳದ ಬೇರಿಗೆ ತಲುಪುತ್ತದೆ. ಅವಿಸೆನ್ನಿಯಾ, ಸೊನ್ನರೇಶಿಯಾ ಜಾತಿಗಳದು ಮತ್ತೊಂದು ಬಗೆ. ಇವುಗಳ ಬೇರು ಕೆಸರಿನಲ್ಲಿ ಅಡ್ಡಡ್ಡವಾಗಿ ಹರಿದು, ಗೇಣು ಗೇಣಿಗೆ ಗೂಟದಂಥ ಮೊನೆಯನ್ನು ಮೇಲಕ್ಕೆ ಚಾಚುತ್ತದೆ. ಇಳಿತದ ಹೊತ್ತಿನಲ್ಲಿ ನೋಡಿದರೆ ಯಾರೋ ಕೆಸರಿನ ತುಂಬ ಪೆನ್ಸಿಲ್ಲುಗಳನ್ನು ನೆಟ್ಟು ಹೋದಂತೆ ಕಾಣುತ್ತದೆ. ಇವು ಉಸಿರಾಟದ ಬೇರುಗಳು. ತೋಟದಲ್ಲಿ ನಾವು ಬಸಿಗಾಲುವೆ ತೆಗೆದು ಬೇರಿಗೆ ಗಾಳಿ ಕೊಡುತ್ತೇವೆ. ಇಲ್ಲಿ ಮರವೇ ತನ್ನ ಏರ್ಪಾಡನ್ನು ತಾನು ಮಾಡಿಕೊಂಡಿದೆ.

ಉಪ್ಪಿನ ವಿಷಯವೂ ಸ್ವಾರಸ್ಯಕರವಾದದ್ದು. ಕೆಲವು ಜಾತಿಗಳು ಬೇರಿನಲ್ಲಿಯೇ ಉಪ್ಪನ್ನು ಸೋಸಿ ಬಿಟ್ಟು ನೀರನ್ನಷ್ಟೇ ಒಳಗೆ ತೆಗೆದುಕೊಳ್ಳುತ್ತವೆ. ಅವಿಸೆನ್ನಿಯಾದಂಥವು ಒಳಗೆ ಬಂದ ಉಪ್ಪನ್ನು ಎಲೆಯ ಮೂಲಕ ಹೊರಹಾಕುತ್ತವೆ. ಬಿಸಿಲಿನ ದಿನ ಈ ಮರದ ಎಲೆಯ ಮೇಲೆ ಬೆರಳಾಡಿಸಿ ನಾಲಿಗೆಗೆ ತಾಗಿಸಿಕೊಂಡರೆ ಉಪ್ಪಿನ ರುಚಿ ತಿಳಿಯುತ್ತದೆ.

ಇನ್ನು ಸಂತಾನದ ಕ್ರಮ. ರೈಜೋಫೋರಾ, ಕಂಡೇಲಿಯಾ ಜಾತಿಗಳಲ್ಲಿ ಬೀಜವು ಮರದಲ್ಲಿರುವಾಗಲೇ ಮೊಳೆಯುತ್ತದೆ. ನುಗ್ಗೆಕಾಯಿಯಂತೆ ತೂಗುತ್ತಿರುವುದನ್ನು ನೋಡಿ ಕಾಯಿ ಎಂದು ತಿಳಿಯುವವರೇ ಹೆಚ್ಚು; ಆದರೆ ಅದು ಮೊಳೆತ ಸಸಿ. ಅಡಿಯುದ್ದವೋ ಅದಕ್ಕಿಂತ ಹೆಚ್ಚೋ ಬೆಳೆದ ಮೇಲೆ ಅದು ಕಳಚಿ ಬೀಳುತ್ತದೆ. ಇಳಿತದ ಹೊತ್ತಾದರೆ ನೇರವಾಗಿ ಕೆಸರಿನಲ್ಲಿ ನೆಟ್ಟುಕೊಳ್ಳಬಹುದು. ಭರತದ ಹೊತ್ತಾದರೆ ತೇಲಿಹೋಗಿ ಬೇರೊಂದು ದಡದಲ್ಲಿ ಬೇರುಬಿಡುತ್ತದೆ. ಸಸಿಮಡಿ ಮಾಡಿ, ಚೀಲಕ್ಕೆ ಮಣ್ಣು ತುಂಬಿ, ನೆರಳು ಕಟ್ಟಿ ಅಡಿಕೆ ಸಸಿ ಎಬ್ಬಿಸುವ ನಮಗೆ ಈ ತಾಯಿಮರದ ಮಡಿಲ ಸಸಿಮಡಿಯನ್ನು ನೋಡಿದಾಗ ಸಂತೋಷವಾಗದೆ ಇರದು.

ಕೆಸರಿನ ನೆರೆಹೊರೆ

ಹಾದಿಯ ಮೇಲೆ ಐದು ನಿಮಿಷ ಸದ್ದಿಲ್ಲದೆ ನಿಂತರೆ ಕೆಸರು ಚಲಿಸತೊಡಗುತ್ತದೆ. ಬಿಲಗಳಿಂದ ಸಣ್ಣ ಏಡಿಗಳು ಹೊರಬರುತ್ತವೆ. ಅವುಗಳಲ್ಲೊಂದು ಜಾತಿಯ ಗಂಡಿಗೆ ಒಂದು ಕೊಂಬು ಚಿಕ್ಕದು, ಇನ್ನೊಂದು ಮೈಗಿಂತ ದೊಡ್ಡದು. ಅದನ್ನು ಮೇಲೆತ್ತಿ ಬೀಸಿ ಹೆಣ್ಣನ್ನು ಕರೆಯುತ್ತದೆ. ಈ ಏಡಿಗಳು ಉದುರಿದ ಎಲೆಯನ್ನು ತಿಂದು ಪುಡಿಮಾಡಿ, ಬಿಲ ತೋಡಿ ಕೆಸರಿಗೆ ಗಾಳಿಯಾಡಿಸುತ್ತವೆ. ತೋಟದಲ್ಲಿ ಎರೆಹುಳು ಮಾಡುವ ಕೆಲಸ ಇಲ್ಲಿ ಏಡಿಯದು. ಕೆಸರಿನ ಮೇಲೆ ಕುಪ್ಪಳಿಸುವ, ಕಣ್ಣು ನೆತ್ತಿಯ ಮೇಲಿರುವ ಸಣ್ಣ ಮೀನೂ ಕಾಣಸಿಗುತ್ತದೆ. ಮಿಂಚುಳ್ಳಿ, ಬೆಳ್ಳಕ್ಕಿ, ಆಕಾಶದಲ್ಲಿ ಸುತ್ತುವ ಗರುಡ ಇವು ಸಾಮಾನ್ಯ.

ಕಾಂಡ್ಲದ ಬೇರುಗಳ ಸಂದಿಗೊಂದಿಗಳಲ್ಲಿ ಸಿಗಡಿ, ಏಡಿ ಮತ್ತು ಅನೇಕ ಜಾತಿಯ ಮೀನುಗಳ ಮರಿಗಳು ದೊಡ್ಡ ಮೀನಿಗೆ ಸಿಗದಂತೆ ಬೆಳೆಯುತ್ತವೆ. ಉದುರಿದ ಎಲೆ ಕೊಳೆತು ಅವಕ್ಕೆ ಆಹಾರವಾಗುತ್ತದೆ. ಸಮುದ್ರದಲ್ಲಿ ಹಿಡಿಯುವ ಮೀನಿನ ಒಂದು ಪಾಲು ಇಂಥ ಅಳಿವೆಗಳಲ್ಲಿ ಬಾಲ್ಯ ಕಳೆದು ಹೋದದ್ದು. ಗಾಳಿ ಮತ್ತು ಅಲೆಯ ಹೊಡೆತವನ್ನು ತಡೆಯುವುದು ಕಾಂಡ್ಲದ ಇನ್ನೊಂದು ಉಪಕಾರ. 1999ರಲ್ಲಿ ಒಡಿಶಾದ ಕರಾವಳಿಗೆ ಅಪ್ಪಳಿಸಿದ ಭೀಕರ ಚಂಡಮಾರುತದ ಬಗ್ಗೆ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, ಊರಿಗೂ ಸಮುದ್ರಕ್ಕೂ ನಡುವೆ ಅಗಲವಾದ ಕಾಂಡ್ಲ ವನವಿದ್ದ ಗ್ರಾಮಗಳಲ್ಲಿ ಸಾವು ಕಡಿಮೆಯಾಗಿತ್ತೆಂದು ತೋರಿಸಿಕೊಟ್ಟಿತು. ತೋಟದ ಪಶ್ಚಿಮದ ಅಂಚಿಗೆ ಗಾಳಿ ತಡೆಯಲು ಮರಸಾಲು ಬೆಳೆಸುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಸಿಹಿನೀರು ಹೆಚ್ಚಾದರೂ ತೊಂದರೆ

ಶರಾವತಿಯ ಅಳಿವೆಯನ್ನು ನೋಡುವಾಗ ಮೇಲಿನ ಕಥೆಯನ್ನೂ ಅರಿತಿರಬೇಕು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರ್ ಧುಮುಕಿ, ಗೇರುಸೊಪ್ಪೆಯ ಕಣಿವೆಯಲ್ಲಿ ಹರಿದು ಬರುವ ಈ ನದಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಮುಂದೆ ಗೇರುಸೊಪ್ಪೆಯಲ್ಲಿಯೂ ಅಣೆಕಟ್ಟು ಬಂದಿತು. ರಾಜ್ಯಕ್ಕೆ ವಿದ್ಯುತ್ತು ದೊರೆಯಿತು. ನಮ್ಮ ತೋಟಗಳ ಪಂಪುಸೆಟ್ಟುಗಳು ಓಡುವುದೂ ಆ ವಿದ್ಯುತ್ತಿನಿಂದಲೇ. ಆದರೆ ಅಳಿವೆಯ ಮಟ್ಟಿಗೆ ಒಂದು ಬದಲಾವಣೆಯಾಯಿತು. ಮೊದಲು ಮಳೆಗಾಲದಲ್ಲಿ ಸಿಹಿನೀರು, ಬೇಸಿಗೆಯಲ್ಲಿ ಉಪ್ಪುನೀರು ಎಂಬ ಋತುಕ್ರಮ ಇತ್ತು. ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಹರಿದು ಬರುವಂತಾದ ಮೇಲೆ ಬೇಸಿಗೆಯಲ್ಲಿಯೂ ಅಳಿವೆಯ ಉಪ್ಪಿನಂಶ ತಗ್ಗಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಉತ್ತರ ಕನ್ನಡದ ಅಳಿವೆಗಳನ್ನು ಪರೀಕ್ಷಿಸಿ, ಉಪ್ಪು ಕಡಿಮೆಯಾದದ್ದರಿಂದ ಶರಾವತಿಯಲ್ಲಿ ಬಳಚಿನಂಥ ಚಿಪ್ಪುಜೀವಿಗಳು ಬಹಳವಾಗಿ ಕ್ಷೀಣಿಸಿವೆ ಎಂದೂ, ಸಿಹಿನೀರನ್ನು ಸಹಿಸುವ ಕಾಂಡ್ಲ ಜಾತಿಗಳಿಗೆ ಅನುಕೂಲವಾಗಿದೆ ಎಂದೂ ವರದಿ ಮಾಡಿದ್ದಾರೆ.

ಪಕ್ಕದ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಯಾವುದೂ ಇಲ್ಲ. ಕುಮಟಾ ತಾಲ್ಲೂಕಿನ ಅದರ ಅಳಿವೆಯಲ್ಲಿ ಬಳಚು ತೆಗೆದು ಬದುಕುವ ಕುಟುಂಬಗಳು ಇಂದಿಗೂ ಬಹಳ. ಅಲ್ಲಿನ ಗಜನಿ ಭೂಮಿಯಲ್ಲಿ ಉಪ್ಪುನೀರನ್ನು ಸಹಿಸುವ ಕಗ್ಗ ಭತ್ತವನ್ನು ಬೆಳೆಯುವ ರೂಢಿಯೂ ಉಳಿದುಕೊಂಡಿದೆ. 4,801 ಹೆಕ್ಟೇರ್ ವಿಸ್ತಾರದ ಈ ಅಳಿವೆಯನ್ನು 2024ರ ಜನವರಿಯಲ್ಲಿ ರಾಮ್ಸರ್ ಒಪ್ಪಂದದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಲಾಯಿತು. ಎರಡು ನದಿಗಳೂ ಒಂದೇ ಘಟ್ಟದಿಂದ ಇಳಿದು ಒಂದೇ ಸಮುದ್ರವನ್ನು ಸೇರುವಂಥವು. ಮೇಲೆ ನೀರನ್ನು ಹೇಗೆ ಹಿಡಿದು ಹೇಗೆ ಬಿಟ್ಟೆವೆಂಬುದು ಕೆಳಗೆ ಮೂವತ್ತು ನಲವತ್ತು ಮೈಲಿ ದೂರದಲ್ಲಿ ಬಳಚು ಹೆಕ್ಕುವವರ ಬುಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಘಟ್ಟದ ಮೇಲಿನ ಜಡ್ಡಿ

ಸಮುದ್ರದಂಚಿನ ಕೆಸರಿನ ಮಾತು ಘಟ್ಟದ ಬೆಳೆಗಾರರಿಗೇಕೆ ಎಂದು ಕೆಲವರು ಕೇಳಬಹುದು. ಕಾರಣವಿದೆ. ಹೊನ್ನಾವರದಿಂದ ಜೋಗದ ಕಡೆಗೆ ಘಟ್ಟವೇರಿದರೆ ಸಿದ್ದಾಪುರ ತಾಲ್ಲೂಕಿನ ಮಾವಿನಗುಂಡಿಯ ಸಮೀಪ ಕತ್ತಲೆಕಾನು ಸಿಗುತ್ತದೆ. ಅಲ್ಲಿ ಹಳ್ಳಗಳ ತಲೆಯಲ್ಲಿ ಸಿಹಿನೀರಿನ ಜೌಗುಗಳಿವೆ. ಮಲೆನಾಡಿನವರು ಇವನ್ನು ಜಡ್ಡಿ ಎನ್ನುತ್ತಾರೆ. ಜಾಯಿಕಾಯಿಯ ಬಳಗಕ್ಕೆ ಸೇರಿದ ರಾಮಪತ್ರೆಯಂಥ ಮರಗಳು ಇಲ್ಲಿ ಕೆಸರಿನಲ್ಲಿ ನಿಂತಿವೆ. ಕೆಲವು ಕಾಂಡ್ಲದಂತೆಯೇ ಕಾಲುಬೇರು ಇಳಿಬಿಟ್ಟಿವೆ; ಇನ್ನು ಕೆಲವು ಮಡಿಸಿದ ಮೊಣಕಾಲಿನಂತೆ ಬೇರನ್ನು ಕೆಸರಿನಿಂದ ಮೇಲೆತ್ತಿ ಮತ್ತೆ ಒಳಗಿಳಿಸಿವೆ. ಉಪ್ಪುನೀರಿನ ಮರಕ್ಕೂ ಸಿಹಿನೀರಿನ ಮರಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ; ಆದರೆ ಗಾಳಿಯಿಲ್ಲದ ಕೆಸರೆಂಬ ಒಂದೇ ಕಷ್ಟಕ್ಕೆ ಎರಡೂ ಒಂದೇ ಬಗೆಯ ಪರಿಹಾರ ಕಂಡುಕೊಂಡಿವೆ.

ಇಂಥ ಜೌಗನ್ನು ಶಾಸ್ತ್ರಜ್ಞರು ಮೊದಲು ವಿವರವಾಗಿ ದಾಖಲಿಸಿದ್ದು 1960ರಲ್ಲಿ, ಕೇರಳದ ತಿರುವಾಂಕೂರು ಭಾಗದಲ್ಲಿ. ಗೇರಿನ ಬಳಗದ ಹೊಸ ಮರವೊಂದು ಕತ್ತಲೆಕಾನಿನ ಜೌಗಿನಲ್ಲಿ ಪತ್ತೆಯಾಗಿ, 2000ದಲ್ಲಿ ಅದಕ್ಕೆ ಆ ಊರಿನ ಹೆಸರನ್ನೇ ಸೇರಿಸಿ ‘ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂದು ನಾಮಕರಣ ಮಾಡಲಾಯಿತು. ಅದರ ಬೆಳೆದ ಮರಗಳು ಬೆರಳೆಣಿಕೆಯೆನ್ನುವಷ್ಟು ಕಡಿಮೆ. 2011ರಲ್ಲಿ ಈ ಪ್ರದೇಶವು ಸಿಂಗಳೀಕಗಳ ರಕ್ಷಣೆಗಾಗಿ ಸಂರಕ್ಷಿತ ಪ್ರದೇಶವಾಯಿತು. ಇಲಾಖೆಯ ಅನುಮತಿಯಿಲ್ಲದೆ ಒಳಗೆ ಹೋಗುವಂತಿಲ್ಲ, ಹೋಗಲೂಬಾರದು. ಈ ಕೆಸರನ್ನು ಹತ್ತು ಜನ ತುಳಿದರೆ ವರ್ಷಗಟ್ಟಲೆ ಎದ್ದ ಸಸಿ ಮಣ್ಣುಪಾಲಾಗುತ್ತದೆ. ಹೊನ್ನಾವರದಲ್ಲಿ ಹಲಗೆ ಹಾಸಿರುವುದರ ಉದ್ದೇಶವೂ ಇದೇ. ನೋಡುವವನ ಕಾಲು ಕೆಸರಿಗೆ ತಾಗಬಾರದು.

ಈಗ ನಮ್ಮ ತೋಟದ ಮಾತಿಗೆ ಬರೋಣ. ಹಳ್ಳದ ತಲೆಯ ಜಡ್ಡಿ ಮಳೆಗಾಲದ ನೀರನ್ನು ಅರಿವೆಯಂತೆ ಹೀರಿಟ್ಟುಕೊಂಡು, ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಕಣಿವೆಯ ಅಡಿಕೆ ತೋಟಗಳು ಶತಮಾನಗಳಿಂದ ಬದುಕಿದ್ದು ಈ ನೀರಿನ ಮೇಲೆ. ಶರಾವತಿಯ ಜಲಾನಯನದ ಹಳ್ಳಗಳನ್ನು ವಿಜ್ಞಾನ ಸಂಸ್ಥೆಯ ತಜ್ಞರು ಅಧ್ಯಯನ ಮಾಡಿದಾಗ ಕಂಡದ್ದು ಇದು: ಜಲಾನಯನದ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ಸಹಜವಾದ ಕಾಡಿದ್ದಲ್ಲಿ ಹಳ್ಳ ವರ್ಷಪೂರ್ತಿ ಹರಿಯುತ್ತದೆ, ಕಾಡು ಬಹುಮಟ್ಟಿಗೆ ಹೋಗಿ ಒಂದೇ ಜಾತಿಯ ನೆಡುತೋಪು ಬಂದಲ್ಲಿ ಮಳೆ ನಿಂತ ಕೆಲವೇ ತಿಂಗಳಲ್ಲಿ ಬತ್ತುತ್ತದೆ.

ಆದರೂ ಅಡಿಕೆಯ ಧಾರಣೆ ಏರಿದಾಗಲೆಲ್ಲ ಮೊದಲು ಕಣ್ಣು ಬೀಳುವುದು ಜಡ್ಡಿಯ ಮೇಲೆ. ತಂಪು ನೆಲ, ಕಪ್ಪು ಮಣ್ಣು, ನೀರಿನ ಆಸರೆ. ನಾಲ್ಕು ದಿನ ಯಂತ್ರ ಬಿಟ್ಟರೆ ಆಳವಾದ ಕಾಲುವೆ ಹೊಡೆದು ನೀರು ಬಸಿಯಬಹುದು. ಮೊದಲ ಕೆಲವು ವರ್ಷ ಸಸಿ ಚೆನ್ನಾಗಿಯೇ ಏಳುತ್ತದೆ. ಆಮೇಲೆ ಎರಡು ಫಲ ಕಾಣಿಸಿಕೊಳ್ಳುತ್ತವೆ. ಮಳೆಗಾಲದಲ್ಲಿ ಆ ನೆಲ ತನ್ನ ಹಳೆಯ ಸ್ವಭಾವಕ್ಕೆ ತಿರುಗಿ ನೀರು ಕಟ್ಟಿ ಬೇರುಕೊಳೆ ಬರುತ್ತದೆ. ಬೇಸಿಗೆಯಲ್ಲಿ ಅದರ ಕೆಳಗಿನ ಹಳೆಯ ತೋಟಗಳಿಗೆ ಹಳ್ಳದ ನೀರು ಸಾಲದಾಗುತ್ತದೆ. ಒಬ್ಬರು ಎರಡು ಎಕರೆ ಹೊಸದಾಗಿ ಎಬ್ಬಿಸಿದಾಗ ಕೆಳಗಿನ ಇಪ್ಪತ್ತು ಎಕರೆಗೆ ಕೊಳವೆಬಾವಿ ಕೊರೆಸಬೇಕಾದ ಪರಿಸ್ಥಿತಿ ಬರುವುದುಂಟು. ಕಾಫಿ ಸೀಮೆಯ ಹಡ್ಲುಗಳ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಗುಡ್ಡಗಳ ನಡುವಿನ ಹಡ್ಲನ್ನು ತುಂಬಿ ಮಟ್ಟಮಾಡಿದ ಮೇಲೆ ಹೂಮಳೆ ತಪ್ಪಿದ ವರ್ಷ ತುಂತುರು ನೀರಾವರಿಗೆ ಕೆರೆಯಲ್ಲಿ ನೀರೇ ಇಲ್ಲವಾಗುತ್ತದೆ.

ಹೆದ್ದಾರಿಯ ಇನ್ನೊಂದು ತುದಿ

ಹೊನ್ನಾವರದ ಕಡಲಂಚಿನಿಂದ ಹೊರಡುವ 69ನೇ ರಾಷ್ಟ್ರೀಯ ಹೆದ್ದಾರಿ ಘಟ್ಟ ಹತ್ತಿ, ಸಾಗರ, ಶಿವಮೊಗ್ಗಗಳನ್ನು ದಾಟಿ, ಬಯಲುಸೀಮೆಯನ್ನು ಹಾದು ಕೋಲಾರ ಜಿಲ್ಲೆಯ ಮುಳಬಾಗಿಲಿನ ಮೂಲಕ ಆಂಧ್ರವನ್ನು ಸೇರುತ್ತದೆ. ಆ ತುದಿಯಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ಹಿಂದಿನವರು ಸಾವಿರಾರು ಕೆರೆ ಕಟ್ಟಿ ಬದುಕಿದರು. ಬಂಗಾರಪೇಟೆಯ ಆಚೆಗಿನ ಚಿನ್ನದ ಗಣಿಗಳ ಊರಿಗೆ ಕುಡಿಯುವ ನೀರು ಹೋಗುತ್ತಿದ್ದದ್ದು ಪಾಲಾರಿನ ಬೇತಮಂಗಲ ಕೆರೆಯಿಂದ. ಕೆರೆಯ ಅಂಗಳ ಒತ್ತುವರಿಯಾಗಿ, ಕಾಲುವೆಗಳು ಮುಚ್ಚಿ, ಕೊಳವೆಬಾವಿಗಳು ಸಾವಿರ ಅಡಿ ದಾಟಿದವು. 2001ರಲ್ಲಿ ಗಣಿ ಮುಚ್ಚಿತು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಪೈಪುಗಳಲ್ಲಿ ತಂದು ಕೋಲಾರದ ಕೆರೆಗಳಿಗೆ ತುಂಬಿಸಲಾಗುತ್ತಿದೆ. ತನ್ನ ಜೌಗು, ಕೆರೆಗಳನ್ನು ಉಳಿಸಿಕೊಳ್ಳದ ಸೀಮೆ ಕೊನೆಗೆ ನೀರಿಗಾಗಿ ಎಷ್ಟು ದೂರ ಹೋಗಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಮಳೆ ಹೆಚ್ಚಿರುವ ನಮಗೆ ಆ ಸ್ಥಿತಿ ಬಾರದೆಂದು ನಿಶ್ಚಿಂತೆಯಿಂದಿರುವಂತಿಲ್ಲ. ಮಲೆನಾಡಿನ ಎಷ್ಟೋ ಹಳ್ಳಿಗಳಲ್ಲಿ ಏಪ್ರಿಲ್ ತಿಂಗಳಲ್ಲಿ ಟ್ಯಾಂಕರ್ ಓಡಾಡುವುದನ್ನು ನಾವೇ ನೋಡುತ್ತಿದ್ದೇವೆ.

ಬೆಳೆಗಾರರು ಮಾಡಬಹುದಾದದ್ದು

ಸದಸ್ಯರು ತಮ್ಮ ಮಟ್ಟದಲ್ಲಿ ಮಾಡಬಹುದಾದ ಕೆಲವು ಕಾರ್ಯಗಳನ್ನು ಇಲ್ಲಿ ಸೂಚಿಸಲಾಗಿದೆ.

1. ತೋಟದ ತಲೆಯಲ್ಲಿ ಜಡ್ಡಿ ಅಥವಾ ಹಡ್ಲು ಇದ್ದರೆ ಅದನ್ನು ಎಬ್ಬಿಸಬೇಡಿ. ಉತ್ತರ ಕನ್ನಡದ ಘಟ್ಟದ ಮೇಲೆ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯ ಇರುವಂಥ ಕಡೆ, ಬೆಟ್ಟದೊಳಗಿನ ಒದ್ದೆ ಜಾಗದ ಸುತ್ತ ಸೊಪ್ಪು ಕಡಿಯದೆ ಬಿಡುವುದು ಒಳ್ಳೆಯದು.

2. ತೋಟದೊಳಗಿನ ಬಸಿಗಾಲುವೆ ಬೇಕೇ ಬೇಕು. ಆದರೆ ಅದರ ನೀರನ್ನು ನೇರವಾಗಿ ಹೊಳೆಗೆ ಬಿಡುವ ಬದಲು ತಗ್ಗಿನ ಒಂದು ಹೊಂಡಕ್ಕೋ ಕೆರೆಗೋ ತಿರುಗಿಸಿದರೆ ಗೊಬ್ಬರದ ಸತ್ವವೂ ಮಣ್ಣೂ ಅಲ್ಲಿ ಉಳಿಯುತ್ತವೆ.

3. ರಾಮಪತ್ರೆಯನ್ನು ಕಾಯಿ ಬಿರಿದ ಮೇಲೆ ಸಂಗ್ರಹಿಸಿರಿ. ಬೆಲೆಯ ಆಸೆಗೆ ಬಲಿಯದ ಕಾಯಿಯನ್ನು ಕೊಂಬೆಸಹಿತ ಕಡಿದರೆ ಪತ್ರೆಯ ಗುಣಮಟ್ಟವೂ ಕೆಡುತ್ತದೆ, ಮುಂದಿನ ವರ್ಷದ ಫಸಲೂ ಹೋಗುತ್ತದೆ. ಬೀಜವನ್ನು ಒಂದಿಷ್ಟು ಮರದ ಬುಡದಲ್ಲಿಯೇ ಬಿಡಿರಿ.

4. ತೋಟದ ಒದ್ದೆ ಮೂಲೆಯಲ್ಲಿ ಅಡಿಕೆಯನ್ನೇ ಹಠದಿಂದ ನೆಡುವುದಕ್ಕಿಂತ ಅಲ್ಲಿಗೆ ಒಗ್ಗುವುದನ್ನು ನೆಡುವುದು ಲೇಸು. ಜಾಯಿಕಾಯಿಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದ ಸಸಿ ಹೂಬಿಡುವ ತನಕ ಯಾವುದೆಂದು ತಿಳಿಯದು. ಆದ್ದರಿಂದ ಕಸಿ ಗಿಡಗಳನ್ನೇ ಆಯ್ದುಕೊಳ್ಳಬೇಕು. ಕಾಡು ರಾಮಪತ್ರೆಯ ಸಸಿಯನ್ನು ಬುಡವಾಗಿ ಬಳಸಿ ಜಾಯಿಕಾಯಿ ಕಸಿ ಕಟ್ಟುವ ಪದ್ಧತಿ ಇದೆ. ಆ ಕಾಡುಮರಗಳು ಉಳಿದರೆ ನಮ್ಮ ನರ್ಸರಿಗಳಿಗೂ ಬೀಜ ಸಿಗುತ್ತದೆ.

5. ಕರಾವಳಿಯಂಚಿನಲ್ಲಿ ತೋಟವುಳ್ಳ ಸದಸ್ಯರು ಹೊಳೆದಂಡೆಯ ಕಾಂಡ್ಲವನ್ನು ಕಡಿಯಬಾರದು. ಕಾನೂನು ಅದನ್ನು ನಿಷೇಧಿಸಿದೆ ಎಂಬುದು ಒಂದು ಮಾತು. ದಂಡೆ ಕೊರೆದು ತೆಂಗು, ಅಡಿಕೆಯ ಸಾಲು ಹೊಳೆಗೆ ಬೀಳದಂತೆ ಹಿಡಿದಿರುವುದು ಆ ಬೇರುಗಳೇ ಎಂಬುದು ಇನ್ನೊಂದು.

ಹೋಗುವವರಿಗೆ ಸೂಚನೆ

ಹೊನ್ನಾವರಕ್ಕೆ ಶಿರಸಿ, ಸಿದ್ದಾಪುರ, ಸಾಗರಗಳಿಂದ ಬಸ್ ಸೌಕರ್ಯವಿದೆ. ಕೊಂಕಣ ರೈಲ್ವೆಯ ನಿಲ್ದಾಣವೂ ಇದೆ. ಶರಾವತಿಯ ಮೇಲಿನ ರೈಲು ಸೇತುವೆ ಎರಡು ಕಿಲೋಮೀಟರಿಗೂ ಉದ್ದವಾಗಿದ್ದು, ಆ ಮಾರ್ಗದ ಸೇತುವೆಗಳಲ್ಲೆಲ್ಲ ದೊಡ್ಡದು. ಬಂಗಾರಪೇಟೆ, ಕೋಲಾರದ ಕಡೆಯವರು ಬೆಂಗಳೂರಿನಿಂದ ರಾತ್ರಿ ಬಸ್ಸು ಹಿಡಿದರೆ ಬೆಳಗಿನ ಹೊತ್ತಿಗೆ ತಲುಪಬಹುದು.

ಭರತ ಇಳಿತಗಳ ವೇಳೆಯನ್ನು ಮೊದಲೇ ವಿಚಾರಿಸಿಕೊಂಡು ಹೋಗುವುದು ಉತ್ತಮ. ದಿನಕ್ಕೆ ಎರಡು ಸಲ ನೀರು ಏರಿ ಎರಡು ಸಲ ಇಳಿಯುತ್ತದೆ. ಪ್ರತಿದಿನವೂ ಈ ವೇಳೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಊರಿನ ಮೀನುಗಾರರಲ್ಲಿ ಯಾರನ್ನು ಕೇಳಿದರೂ ನಿಖರವಾಗಿ ಹೇಳುತ್ತಾರೆ. ಬೇರು, ಏಡಿಗಳನ್ನು ನೋಡಬೇಕೆಂದರೆ ಇಳಿತದ ಹೊತ್ತಿಗೂ, ನೀರಿನ ಮೇಲೆ ಮರಗಳು ತೇಲಿದಂತೆ ಕಾಣುವುದನ್ನು ನೋಡಬೇಕೆಂದರೆ ಭರತದ ಹೊತ್ತಿಗೂ ಹೋಗಬೇಕು. ಅಕ್ಟೋಬರದಿಂದ ಫೆಬ್ರವರಿಯವರೆಗೆ ಹವೆ ಹಿತಕರ. ಮಳೆಗಾಲದಲ್ಲಿ ಹಲಗೆ ಜಾರುವುದರಿಂದ ಹಿರಿಯರು ಎಚ್ಚರಿಕೆಯಿಂದಿರಬೇಕು. ಪ್ರವೇಶದ ವೇಳೆ ಮತ್ತು ಶುಲ್ಕವನ್ನು ಅಲ್ಲಿಯೇ ವಿಚಾರಿಸುವುದು. ಎಲೆಯಡಿಕೆಯ ಉಗುಳು, ಪ್ಲಾಸ್ಟಿಕ್ ಚೀಲ, ಬಾಟಲಿಗಳನ್ನು ಕೆಸರಿಗೆ ಹಾಕಬಾರದೆಂದು ನಮ್ಮ ಸದಸ್ಯರಿಗೆ ಬೇರೆಯಾಗಿ ಹೇಳಬೇಕಾಗಿಲ್ಲವಾದರೂ ಜೊತೆಯ ಮಕ್ಕಳಿಗೆ ಹೇಳಿಟ್ಟಿರಬೇಕು.

ಅಡಿಕೆ ಕೊಯ್ಲು ಮುಗಿದು, ಕಾಫಿ ಕಣದಿಂದ ಎದ್ದ ಮೇಲೆ ನಮ್ಮ ಸದಸ್ಯರು ಕುಟುಂಬಸಮೇತ ಯಾತ್ರೆ ಹೊರಡುವುದುಂಟು. ಗೋಕರ್ಣ, ಇಡಗುಂಜಿ, ಮುರ್ಡೇಶ್ವರಗಳಿಗೆ ಹೋಗುವವರು ಹೊನ್ನಾವರದಲ್ಲಿ ಒಂದು ಗಂಟೆ ಬಿಡುವು ಮಾಡಿಕೊಂಡರೆ ಸಾಕು. ಮನೆಗೆ ಬಂದ ಮೇಲೆ ತೋಟದ ತಲೆಯ ಜಡ್ಡಿಯವರೆಗೆ ಒಮ್ಮೆ ನಡೆದು ಹೋಗಿ, ಅಲ್ಲಿಂದ ಹೊರಡುವ ನೀರಿನ ಎಳೆ ಮಾರ್ಚಿಯಲ್ಲಿ ಎಷ್ಟಿದೆ, ಮೇ ತಿಂಗಳಲ್ಲಿ ಎಷ್ಟಿದೆ ಎಂದು ಗುರುತು ಹಾಕಿಡಿ. ನಾಲ್ಕಾರು ವರ್ಷದ ಆ ಲೆಕ್ಕ ಜಮಾಖರ್ಚಿನ ಪುಸ್ತಕದಷ್ಟೇ ಉಪಯೋಗಕ್ಕೆ ಬರುತ್ತದೆ.